ಯಾವ ಕೋರ್ಸ್ ಮಾಡಲಿ ಎಂದು ಕೇಳುವ ಅಂಗನವಾಡಿ, ನರ್ಸರಿ ಟೀಚರ್‌ಗಳಿಗೆ

"ಮೇಡಂ, ನಾನು ಅಂಗನವಾಡಿ ಟೀಚರ್, ಯಾವ ಕೋರ್ಸ್ ಮಾಡಿದ್ರೆ ಉಪಯೋಗ?" "ನಾನು ಎಲ್‌ಕೆಜಿ ಮಿಸ್, ಎನ್‌ಟಿಟಿ (ನರ್ಸರಿ ಟೀಚರ್ ಟ್ರೇನಿಂಗ್) ಮಾಡ್ಲಾ, ಮಾಂಟೆಸ್ಸರಿ ಮಾಡ್ಲಾ?" "ದೀಕ್ಷಾ ಜಾಲತಾಣದಲ್ಲಿ ಒಂದು ರಾಶಿ ಸರ್ಟಿಫಿಕೇಟ್ ತಗೊಂಡೆ, ಆದ್ರೂ ಕ್ಲಾಸಲ್ಲಿ ಮಕ್ಕಳು ಕೂರೋದೇ ಇಲ್ಲ, ಏನ್ ಮಾಡ್ಲಿ?" ಶಾಲೆ ಶುರುವಾಗುವ ಹೊತ್ತಿಗೆ ಈ ಪ್ರಶ್ನೆಗಳು ತಪ್ಪದೆ ಬರುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ, ಅದಕ್ಕೇ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಕೋರ್ಸಿನ ವಿಷಯ ಐದನೇ ಹಂತದಲ್ಲಿ ಬರುತ್ತದೆ. ನೇರ ಅಲ್ಲಿಗೆ ಹಾರಬೇಡಿ. ನಿಮ್ಮ ಕ್ಲಾಸಿನಲ್ಲಿ ಏನು ನಡೆಯುತ್ತಿದೆ ಎಂದು ನಿಮಗೇ ಗೊತ್ತಿಲ್ಲದೆ ಕೋರ್ಸಿಗೆ ದುಡ್ಡು ಕಟ್ಟುವುದು, ಜ್ವರ ನೋಡದೆ ಮಾತ್ರೆ ಕೊಂಡ ಹಾಗೆ.

ಬೇಕಾಗುವುದು ಇಷ್ಟೇ: ಒಂದು 100 ಪುಟದ ನೋಟ್‌ಬುಕ್, ಒಂದು ಫೋನು, ದಿನಕ್ಕೆ 15–20 ನಿಮಿಷ, ಮತ್ತು ನಿಮ್ಮದೇ ಕೆಲಸ ಮಾಡುವ ಒಬ್ಬ ಗೆಳತಿ. ಇದರಲ್ಲಿ ಕಷ್ಟದ್ದು ಆ 20 ನಿಮಿಷ ಎಂದು ನನಗೂ ಗೊತ್ತು. ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಮಾಹಿತಿ ತುಂಬುವುದು, ತೂಕ, ಮುಖ ಗುರುತಿನ ಫೋಟೊ, ಮೊಟ್ಟೆ ಲೆಕ್ಕ, ಬಿಎಲ್‌ಒ (ಮತದಾರರ ಪಟ್ಟಿಯ) ಕೆಲಸ, ಯಾವುದೋ ಸರ್ವೆ, ಇವೆಲ್ಲ ಮುಗಿದ ಮೇಲೆ ಉಳಿಯುವುದೆಷ್ಟು ಅಲ್ವಾ? ಹಾಗಾಗಿ ಇಲ್ಲಿ ಹೇಳುವ ಯಾವುದಕ್ಕೂ ದಿನಕ್ಕೆ ಒಂದು ಗಂಟೆ ಬೇಕಾಗದ ಹಾಗೆ ನೋಡಿಕೊಂಡಿದ್ದೇನೆ.

ಈಗಲೇ ಯಾಕೆ?

ಕರ್ನಾಟಕದಲ್ಲಿ ಅಂಗನವಾಡಿ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು, ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಐಸಿಡಿಎಸ್, ಅಂದರೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಡಿಯಲ್ಲಿ. ಎಷ್ಟೋ ವರ್ಷ ಊರವರ ಪಾಲಿಗೆ ಅದು ಊಟ ಕೊಡುವ, ಚುಚ್ಚುಮದ್ದು ಹಾಕಿಸುವ ಜಾಗವಾಗಿಯೇ ಇತ್ತು. "ಅಲ್ಲಿ ಉಪ್ಪಿಟ್ಟು ಕೊಡ್ತಾರೆ, ಪಾಠ ಏನಿಲ್ಲ" ಎಂದು ಹೇಳಿ ಮಕ್ಕಳನ್ನು ವ್ಯಾನ್ ಹತ್ತಿಸಿ ಕಾನ್ವೆಂಟಿಗೆ ಕಳಿಸಿದವರು ಎಷ್ಟೋ ಜನ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನ ಕಲಿಕೆಯನ್ನು ಒಂದೇ ಹಂತವಾಗಿ ನೋಡಿತು. ಪಿಯುಸಿ ಅಥವಾ ಅದಕ್ಕಿಂತ ಜಾಸ್ತಿ ಓದಿದ ಕಾರ್ಯಕರ್ತೆಯರಿಗೆ 6 ತಿಂಗಳ ಸರ್ಟಿಫಿಕೇಟ್ ತರಬೇತಿ, ಅದಕ್ಕಿಂತ ಕಡಿಮೆ ಓದಿದವರಿಗೆ 1 ವರ್ಷದ ಡಿಪ್ಲೊಮಾ ಕೊಡಬೇಕು ಎಂದೂ ಅದರಲ್ಲಿ ಬರೆದಿದೆ. 2024ರಲ್ಲಿ ನಮ್ಮಲ್ಲಿ ಸರ್ಕಾರಿ ಶಾಲೆಗಳ ಎಲ್‌ಕೆಜಿ-ಯುಕೆಜಿ ವಿರುದ್ಧ ಅಂಗನವಾಡಿ ನೌಕರರು ಬೀದಿಗಿಳಿದರು. ಅದಾದ ಮೇಲೆ ಅಂಗನವಾಡಿಗಳಲ್ಲೇ ಎಲ್‌ಕೆಜಿ-ಯುಕೆಜಿ ನಡೆಸುವ ಕೆಲಸ ಶುರುವಾಯಿತು. ಅಂದರೆ "ನೀವು ಪಾಠ ಮಾಡ್ತೀರಾ?" ಎಂಬ ಪ್ರಶ್ನೆ ಈಗ ನಿಮ್ಮ ಬಾಗಿಲಿಗೇ ಬಂದಿದೆ.

ಹಂತ 1: ನೀವು ಯಾವ ಗುಂಪಿನವರು ಎಂದು ನೋಡಿಕೊಳ್ಳಿ

ಇದು ಐದು ನಿಮಿಷದ ಕೆಲಸ. ಅಂಗನವಾಡಿಯಲ್ಲಿ ಈಗಾಗಲೇ ಕೆಲಸದಲ್ಲಿದ್ದರೆ ನಿಮಗೆ ಇಲಾಖೆಯ ತರಬೇತಿಯೇ ಮೊದಲು, ದುಡ್ಡು ಕೊಟ್ಟು ಕಲಿಯುವುದು ಆಮೇಲೆ. ಖಾಸಗಿ ನರ್ಸರಿಯಲ್ಲಿದ್ದರೆ ಇಲಾಖೆ ನಿಮ್ಮನ್ನು ಕರೆಯುವುದಿಲ್ಲ, ಹಾಗಾಗಿ ನಿಮ್ಮ ದಾರಿ ನೀವೇ ಹುಡುಕಿಕೊಳ್ಳಬೇಕು. ಇನ್ನೂ ಕೆಲಸಕ್ಕೆ ಸೇರಿಲ್ಲ, ಸೇರಬೇಕು ಎಂದಿದ್ದರೆ ಹುದ್ದೆಯ ಅರ್ಹತೆ ನೋಡಿ: ಈಗ ಕಾರ್ಯಕರ್ತೆ ಹುದ್ದೆಗೆ ಪಿಯುಸಿ, ಸಹಾಯಕಿ ಹುದ್ದೆಗೆ ಎಸ್ಸೆಸ್ಸೆಲ್ಸಿ ಕೇಳುತ್ತಾರೆ. ಅರ್ಜಿ ಕರೆದಾಗ ಆ ಪ್ರಕಟಣೆಯನ್ನು ಪೂರ್ತಿ ಓದಿ. ಯಾವ ಕೋರ್ಸಿಗೆ ಬೆಲೆ ಕೊಡುತ್ತಾರೆ, ಎಷ್ಟು ಅವಧಿಯ ಕೋರ್ಸ್ ಆಗಿರಬೇಕು ಎನ್ನುವುದು ಅಲ್ಲೇ ಇರುತ್ತದೆ. ಪಕ್ಕದ ಮನೆಯವರು ಹೇಳಿದರು, ಯೂಟ್ಯೂಬಿನಲ್ಲಿ ಹೇಳಿದರು ಎಂದು ದುಡ್ಡು ಕಟ್ಟಬೇಡಿ.

ಹಂತ 2: ಹತ್ತು ದಿನ ಸುಮ್ನೆ ನೋಡಿ, ಬರೆಯಿರಿ

ಈ ಕೆಲಸಕ್ಕೆ ತರಬೇತಿಗಳಲ್ಲಿ ಅವಲೋಕನ ಎನ್ನುತ್ತಾರೆ. ಹೆಸರು ದೊಡ್ಡದು. ಮಾಡಬೇಕಾದ್ದು ಮಗುವನ್ನು ಗಮನಿಸಿ ಕಂಡದ್ದನ್ನು ಹಾಗೇ ಬರೆಯುವುದು. ಹೆಚ್ಚಿನವರು ಬಿಟ್ಟು ಮುಂದೆ ಹೋಗುವ ಹಂತ ಇದೇ, ಆಮೇಲೆ ಒದ್ದಾಡುವುದೂ ಇದರಿಂದಲೇ.

ದಿನಕ್ಕೆ ಇಬ್ಬರು ಮಕ್ಕಳನ್ನು ಆರಿಸಿಕೊಳ್ಳಿ. 20 ಮಕ್ಕಳಿದ್ದರೆ ಹತ್ತು ದಿನಕ್ಕೆ ಎಲ್ಲರೂ ಮುಗಿಯುತ್ತಾರೆ. ಆಟ ಆಡುವಾಗ ಐದು ನಿಮಿಷ, ಊಟ ಮಾಡುವಾಗ ಐದು ನಿಮಿಷ ನೋಡಿ. ಮಗು ಮಲಗಿದಾಗಲೋ ಬಾಗಿಲು ಹಾಕುವ ಮುಂಚೆಯೋ ನಾಲ್ಕು ಸಾಲು ಬರೆಯಿರಿ.

ಬರೆಯುವಾಗ ಆಗುವ ತಪ್ಪು ಒಂದೇ: ಕಂಡದ್ದನ್ನು ಬಿಟ್ಟು ತೀರ್ಪು ಬರೆಯುವುದು. "ಈ ಹುಡುಗ ತುಂಬಾ ತುಂಟ, ಗಮನ ಇಲ್ಲ" ಎಂದು ಬರೆದರೆ ಅದು ತೀರ್ಪು, ಅದರಿಂದ ನಿಮಗೆ ಏನೂ ಸಿಗುವುದಿಲ್ಲ. "ಮಣಿ ಪೋಣಿಸಲು ಕೂತ. ಮೂರು ಮಣಿ ಹಾಕಿದ. ನಾಲ್ಕನೆಯದು ಜಾರಿತು. ಎದ್ದು ಕಿಟಕಿ ಹತ್ತಿರ ಹೋದ. ಎರಡು ನಿಮಿಷ ಬಿಟ್ಟು ತಾನೇ ವಾಪಸ್ ಬಂದು ಮತ್ತೆ ಎರಡು ಮಣಿ ಹಾಕಿದ" ಎಂದು ಬರೆದರೆ ಅದು ಅವಲೋಕನ. ಈ ಎರಡನೆಯದನ್ನು ಓದಿದರೆ ಹುಡುಗನಿಗೆ ಗಮನ ಇದೆ, ಬೆರಳಿನ ಹಿಡಿತ ಇನ್ನೂ ಬಂದಿಲ್ಲ, ದಾರ ತೆಳುವಾಯಿತು ಎಂದು ಗೊತ್ತಾಗುತ್ತದೆ. ದಪ್ಪ ದಾರ, ದೊಡ್ಡ ತೂತಿನ ಮಣಿ ಕೊಟ್ಟರೆ ಆಯಿತು. ಬೈಯುವ ಅಗತ್ಯವೇ ಇಲ್ಲ.

ಏನು ನೋಡಬೇಕು ಎಂದು ತೋಚದಿದ್ದರೆ ಇವನ್ನು ಕೇಳಿಕೊಳ್ಳಿ. ಮಗು ಯಾರ ಜೊತೆ ಮಾತಾಡುತ್ತದೆ, ಯಾವ ಭಾಷೆಯಲ್ಲಿ? ಕೈಬೆರಳು ಎಷ್ಟು ಓಡುತ್ತವೆ, ಅಂದರೆ ಹರಿಯುವುದು, ಹಿಸುಕುವುದು, ಮುಚ್ಚಳ ತಿರುಗಿಸುವುದು? ಓಡುವಾಗ, ಹತ್ತುವಾಗ, ಒಂಟಿಕಾಲಲ್ಲಿ ನಿಲ್ಲುವಾಗ ಹೇಗೆ? ಏನಾದರೂ ಬೇಕಾದಾಗ ಕೇಳುತ್ತದೋ, ಕಿತ್ತುಕೊಳ್ಳುತ್ತದೋ, ಅಳುತ್ತದೋ? ಜಾಸ್ತಿ ಬೇಡ, ಇಷ್ಟು ಸಾಕು.

ಇನ್ನೊಂದು ವಿಷಯ, ನೋಟ್‌ಬುಕ್ಕನ್ನು ಮೇಜಿನ ಮೇಲೆ ಬಿಡಬೇಡಿ. ಮಕ್ಕಳ ವಿಷಯ ಅದು. ಬೇರೆ ತಾಯಂದಿರು ಬಂದು ತೆರೆದು ಓದುವ ಹಾಗಿರಬಾರದು. ಫೋಟೊ ತೆಗೆದು ಗ್ರೂಪಿಗೆ ಹಾಕುವುದಂತೂ ಬೇಡವೇ ಬೇಡ.

ಹೀಗೆ ನೋಡುತ್ತಿರುವಾಗ ಒಂದಿಬ್ಬರು ಮಕ್ಕಳ ಬಗ್ಗೆ ಅನುಮಾನ ಬರಬಹುದು. ಕರೆದರೆ ತಿರುಗಿ ನೋಡುವುದಿಲ್ಲ, 2 ವರ್ಷ ದಾಟಿದರೂ ಎರಡು ಮಾತು ಜೋಡಿಸಿ ಹೇಳುವುದಿಲ್ಲ, ಬಂದಿದ್ದ ಮಾತೇ ನಿಂತುಹೋಗಿದೆ, ಹೀಗೆ. ಆಗ ನೀವು ರೋಗದ ಹೆಸರು ಹೇಳಬೇಡಿ. "ನಿಮ್ಮ ಮಗುಗೆ ಆಟಿಸಂ ಇರಬೇಕು" ಎಂದು ತಾಯಿಯ ಹತ್ತಿರ ಹೇಳುವುದು ನಮ್ಮ ಕೆಲಸವಲ್ಲ. ಬರೆದಿಟ್ಟುಕೊಂಡದ್ದನ್ನು ಆಶಾ ಮತ್ತು ಆರೋಗ್ಯ ಸಿಬ್ಬಂದಿಗೆ ತೋರಿಸಿ. ಆರ್‌ಬಿಎಸ್‌ಕೆ, ಅಂದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಆ ದಿನ ಈ ಮಗು ತಪ್ಪಿಸಿಕೊಳ್ಳದ ಹಾಗೆ ನೋಡಿಕೊಳ್ಳಿ. ಮಾತು, ಕಿವಿಯ ತೊಂದರೆ ಎನಿಸಿದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ವಿಶೇಷ ಚೇತನ ಮಕ್ಕಳಿಗಾಗಿ ಅಂಗನವಾಡಿ ಮಾರ್ಗಸೂಚಿಯನ್ನೂ ತಂದಿದೆ. ಅದರ ಬಗ್ಗೆ ನಿಮ್ಮ ಮೇಲ್ವಿಚಾರಕಿಯನ್ನು ಕೇಳಿ.

ಹಂತ 3: ಒಂದೇ ಒಂದು ವಿಷಯ ಆರಿಸಿಕೊಳ್ಳಿ

ಹತ್ತು ದಿನದ ಬರಹ ಓದಿದರೆ ಎಂಟು ಹತ್ತು ಸಮಸ್ಯೆ ಕಾಣುತ್ತವೆ. ಎಲ್ಲವನ್ನೂ ಒಟ್ಟಿಗೆ ಸರಿಮಾಡಲು ಹೋದರೆ ಒಂದೂ ಆಗುವುದಿಲ್ಲ. ಎರಡು ತಿಂಗಳಿಗೆ ಒಂದು ವಿಷಯ, ಅಷ್ಟೇ. ವರ್ಷಕ್ಕೆ ಐದಾರು ಆಯಿತು.

ಯಾವುದರಿಂದ ಶುರು ಮಾಡಲಿ ಎಂದು ಕೇಳಿದರೆ ನಾನು ಕತೆ ಓದುವುದನ್ನೇ ಹೇಳುತ್ತೇನೆ. ಖರ್ಚಿಲ್ಲ, ನಾಳೆಯೇ ಶುರು ಮಾಡಬಹುದು, ಮಾತು, ಗಮನ, ನೆನಪು, ಎಲ್ಲಕ್ಕೂ ಉಪಯೋಗ. ಆದರೆ ಕತೆ ಓದುವುದಕ್ಕೂ ಒಂದು ಕ್ರಮ ಇದೆ. ಹೀಗೆ ಮಾಡಿ:

ಒಂದು ವಾರಕ್ಕೆ ಒಂದೇ ಪುಸ್ತಕ. ದಿನಕ್ಕೊಂದು ಹೊಸ ಕತೆ ಬೇಡ. "ಮಕ್ಕಳಿಗೆ ಬೋರ್ ಆಗಲ್ವಾ?" ಎನ್ನುತ್ತೀರಿ. ಆಗುವುದಿಲ್ಲ. ಬೋರ್ ಆಗುವುದು ನಮಗೆ. ಅವರಿಗೆ ಗೊತ್ತಿರುವ ಕತೆ ಮತ್ತೆ ಕೇಳುವುದೇ ಖುಷಿ. ಸೋಮವಾರ ಚಿತ್ರ ತೋರಿಸುತ್ತಾ ಪೂರ್ತಿ ಓದಿ, ಪ್ರಶ್ನೆ ಬೇಡ. ಮಂಗಳವಾರ ಅಲ್ಲಲ್ಲಿ ನಿಲ್ಲಿಸಿ, "ಈಗ ಏನಾಗಬಹುದು?" ಎಂದು ಕೇಳಿ. ಬುಧವಾರ ಚಿತ್ರ ಮಾತ್ರ ತೋರಿಸಿ, ಕತೆ ಅವರೇ ಹೇಳಲಿ. ಗುರುವಾರ ಕತೆಯನ್ನು ಆಟವಾಗಿ ಆಡಿ, ಒಬ್ಬ ಆನೆ, ಒಬ್ಬಳು ಇರುವೆ. ಶುಕ್ರವಾರ ನೆಲದ ಮೇಲೆ ಬಳಪದಲ್ಲಿ ಆ ಕತೆಯ ಚಿತ್ರ ಬರೆಯಲಿ. ಗೀಚಿದರೂ ಸರಿ, "ಇದೇನು ಹೇಳು" ಎಂದು ಕೇಳಿ, ಅವರು ಹೇಳಿದ ಮಾತನ್ನು ಚಿತ್ರದ ಕೆಳಗೆ ನೀವು ಬರೆಯಿರಿ. ತಾವು ಆಡಿದ ಮಾತು ಅಕ್ಷರವಾಗಿ ನೆಲದ ಮೇಲೆ ಕಾಣುವುದನ್ನು ಮಕ್ಕಳು ಅಲ್ಲೇ ನಿಂತು ನೋಡುತ್ತಾರಲ್ಲ, ಓದುವ ಆಸೆ ಹುಟ್ಟುವುದೇ ಅಲ್ಲಿ.

ಪ್ರಶ್ನೆ ಕೇಳುವಾಗ ಎರಡು ಎಚ್ಚರಿಕೆ. ಒಂದು, "ಇದು ಯಾವ ಪ್ರಾಣಿ? ಬಣ್ಣ ಯಾವುದು?" ಎಂಬ ಒಂದೇ ಮಾತಿನ ಉತ್ತರದ ಪ್ರಶ್ನೆಗಳೇ ತುಂಬಿಕೊಳ್ಳುತ್ತವೆ. ಅದು ಕತೆಯ ಬದಲು ಪರೀಕ್ಷೆ ಆಗಿಬಿಡುತ್ತದೆ. "ಯಾಕೆ ಅತ್ತಿತು? ನೀನಾಗಿದ್ರೆ ಏನ್ಮಾಡ್ತಿದ್ದೆ?" ಎಂಬ ಪ್ರಶ್ನೆಗೆ ಒಂದೇ ಸರಿಯುತ್ತರ ಇರುವುದಿಲ್ಲ. ಇಂಥವನ್ನು ತೆರೆದ ಪ್ರಶ್ನೆ ಎನ್ನುತ್ತಾರೆ. ಎರಡು, ಕೇಳಿದ ಮೇಲೆ ಕಾಯಬೇಕು. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಮೂರು ವರ್ಷದ ಮಗು ಉತ್ತರ ಹುಡುಕುವಷ್ಟರಲ್ಲಿ ನಾವೇ ಹೇಳಿಬಿಡುತ್ತೇವೆ, ಇಲ್ಲದಿದ್ದರೆ ಮುಂದೆ ಕೂತ ಆ ಚುರುಕು ಹುಡುಗಿ ಹೇಳಿಬಿಡುತ್ತಾಳೆ.

ಭಾಷೆಯ ವಿಷಯ. ಮಗು ಮನೆಯಲ್ಲಿ ಲಂಬಾಣಿ, ತುಳು, ಉರ್ದು, ಕೊಂಕಣಿ ಮಾತಾಡುತ್ತಿದ್ದರೆ ಅದೇ ಭಾಷೆಯಲ್ಲಿ ಉತ್ತರಿಸಲಿ ಬಿಡಿ. ನಿಮಗೆ ಬಾರದಿದ್ದರೆ ಸಹಾಯಕಿಗೆ ಗೊತ್ತಿರುತ್ತದೆ, ಇಲ್ಲವೇ ಪಕ್ಕದ ಮಗು ಹೇಳುತ್ತದೆ. ಕನ್ನಡದ ಮಕ್ಕಳೂ ಅಷ್ಟೇ. "ಹೋಗಾಕತ್ತೀನಿ" ಎಂದ ಮಗುವಿಗೆ "ಹೋಗುತ್ತಿದ್ದೇನೆ ಅನ್ನು" ಎಂದು ತಿದ್ದಿದರೆ ಮರುದಿನದಿಂದ ಅದು ಬಾಯೇ ಬಿಡುವುದಿಲ್ಲ. ನೀವು ನಿಮ್ಮ ಮಾತಿನಲ್ಲಿ ಉತ್ತರಿಸುತ್ತಾ ಹೋದರೆ ಸಾಕು, ಅದು ತಾನಾಗಿ ಕಲಿಯುತ್ತದೆ.

ಎರಡನೇ ವಿಷಯವಾಗಿ ಬರೆಯುವುದನ್ನು ತೆಗೆದುಕೊಳ್ಳಿ. ಖಾಸಗಿ ನರ್ಸರಿಯವರಿಗೆ ಇದೇ ದೊಡ್ಡ ತಲೆನೋವು. ಮೂರೂವರೆ ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ನಾಲ್ಕು ಗೆರೆ ಕಾಪಿ ಬರೆಸುತ್ತಾರೆ. ತಾಯಂದಿರೂ ಅದನ್ನೇ ಕೇಳುತ್ತಾರೆ, "ಬುಕ್ಕಲ್ಲಿ ಏನೂ ಬರೆಸಿಲ್ವಲ್ಲ ಮಿಸ್?" ಬರೆಯುವ ಕೈ ತಯಾರಾಗುವುದು ಬರೆಯುವುದರಿಂದ ಅಲ್ಲ. ಚಪಾತಿ ಹಿಟ್ಟು ನಾದುವುದು, ಬಟ್ಟೆ ಹಿಂಡುವುದು, ಅವರೆಕಾಯಿ ಸುಲಿಯುವುದು, ಅಳಗುಳಿ ಮಣೆಯ ಗುಳಿಗೆ ಹುಣಸೆ ಬೀಜ ಒಂದೊಂದಾಗಿ ಹಾಕುವುದು, ಮರಳಿನ ತಟ್ಟೆಯಲ್ಲಿ ಬೆರಳಾಡಿಸುವುದು, ಇವುಗಳಿಂದ. ತರಬೇತಿಯಲ್ಲಿ ಇದಕ್ಕೆ ಸೂಕ್ಷ್ಮ ಸ್ನಾಯು ಬೆಳವಣಿಗೆ ಎನ್ನುತ್ತಾರೆ, ಅಂದರೆ ಬೆರಳು, ಮಣಿಕಟ್ಟಿನ ಸಣ್ಣ ಸ್ನಾಯುಗಳು ಗಟ್ಟಿಯಾಗುವುದು. ಬೀಜ ಕೊಡುವಾಗ ಚಿಕ್ಕ ಮಕ್ಕಳು ಬಾಯಿಗೆ, ಮೂಗಿಗೆ ಹಾಕಿಕೊಳ್ಳದ ಹಾಗೆ ಪಕ್ಕದಲ್ಲೇ ಕೂರಿ. 3 ವರ್ಷದೊಳಗಿನವರಿಗೆ ಕೊಡಲೇಬೇಡಿ.

ತಾಯಂದಿರಿಗೆ ಇದನ್ನು ಭಾಷಣ ಮಾಡಿ ಹೇಳಿದರೆ ಯಾರೂ ಕೇಳುವುದಿಲ್ಲ. ಬಾಲವಿಕಾಸ ಸಮಿತಿ (ಅಂಗನವಾಡಿಗೆ ಇರುವ ತಾಯಂದಿರ, ಊರವರ ಸಮಿತಿ) ಸಭೆಯಲ್ಲೋ ಪೋಷಕರ ಸಭೆಯಲ್ಲೋ ಅವರನ್ನೇ ಕೂರಿಸಿ, ಬಲಗೈಯವರಿಗೆ ಎಡಗೈಯಲ್ಲಿ ತಮ್ಮ ಹೆಸರು ಹತ್ತು ಸಲ ಬರೆಯಲು ಹೇಳಿ. ಮೂರನೇ ಸಲಕ್ಕೇ "ಅಯ್ಯೋ ಕೈ ನೋಯುತ್ತೆ" ಎನ್ನುತ್ತಾರೆ. "ನಿಮ್ಮ ಮಗುವಿಗೂ ಹೀಗೇ" ಎಂದರೆ ಆಯಿತು.

ಹಂತ 4: ದುಡ್ಡಿಲ್ಲದೆ ಸಿಗುವುದನ್ನು ಮೊದಲು ಮುಗಿಸಿ

ಅಂಗನವಾಡಿಯವರಿಗೆ: 2023ರ ಮೇ ತಿಂಗಳಲ್ಲಿ ಶುರುವಾದ "ಪೋಷಣ್ ಭಿ ಪಢಾಯಿ ಭಿ" (ಪೋಷಣೆಯೂ ಬೇಕು, ಕಲಿಕೆಯೂ ಬೇಕು ಎಂದು ಅರ್ಥ) ತರಬೇತಿ ಇದೆ. ಕಾರ್ಯಕರ್ತೆಯರಿಗೆ ಮೂರು ದಿನ. ದಿನಕ್ಕೆ ಕನಿಷ್ಠ 2 ಗಂಟೆ ಶಾಲಾಪೂರ್ವ ಶಿಕ್ಷಣ ನಡೆಯಲೇಬೇಕು ಎನ್ನುವುದು ಇದರ ತಿರುಳು. ಇದರ ಜೊತೆ ಎರಡು ಪುಸ್ತಕಗಳಿವೆ, 2024ರಲ್ಲಿ ಬಂದವು. "ಆಧಾರಶಿಲಾ" 3ರಿಂದ 6 ವರ್ಷದವರಿಗೆ, 48 ವಾರಗಳ ಪಠ್ಯಕ್ರಮ, ವಾರದಲ್ಲಿ ಐದು ದಿನ ಚಟುವಟಿಕೆ, ಆರನೇ ದಿನ ಅದೇ ವಾರದ್ದನ್ನು ಮತ್ತೆ ಆಡುವುದು. "ನವಚೇತನಾ" ಹುಟ್ಟಿನಿಂದ 3 ವರ್ಷದವರೆಗೆ, ತಿಂಗಳು ತಿಂಗಳಿಗೆ ಹಂಚಿದ 140 ಚಟುವಟಿಕೆಗಳು, ಮನೆ ಭೇಟಿಗೆ ಹೋದಾಗ ತಾಯಂದಿರಿಗೆ ತೋರಿಸುವಂಥವು. ನಮ್ಮ ರಾಜ್ಯದ "ಚಿಲಿಪಿಲಿ" ಪುಸ್ತಕ ನಿಮ್ಮ ಬೀರುವಿನಲ್ಲಿ ಇದ್ದೇ ಇರುತ್ತದೆ. ದಯವಿಟ್ಟು ಪ್ಲಾಸ್ಟಿಕ್ ಕವರಿನಿಂದ ಹೊರಗೆ ತೆಗೆಯಿರಿ. ಹರಿದುಹೋದರೆ ಆಡಿಟ್‌ಗೆ ಏನು ತೋರಿಸಲಿ ಎಂಬ ಭಯಕ್ಕೆ ಹೊಸದಾಗಿಯೇ ಇಟ್ಟಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ.

ತರಬೇತಿಗೆ ಹೋದಾಗ ಮಾಡಬೇಕಾದ್ದು ಒಂದಿದೆ. ಕೊಟ್ಟ ಹ್ಯಾಂಡ್‌ಔಟ್ ಮನೆಗೆ ತಂದು ಕಟ್ಟಿಡುವ ಬದಲು, ಮೂರು ದಿನದಲ್ಲಿ ಕಂಡ ಚಟುವಟಿಕೆಗಳಲ್ಲಿ ಒಂದನ್ನು ಮಾತ್ರ ಗುರುತು ಹಾಕಿ, ಮುಂದಿನ ಸೋಮವಾರವೇ ಮಕ್ಕಳ ಜೊತೆ ಮಾಡಿ. ಆ ವಾರ ಮಾಡದೆ ಬಿಟ್ಟದ್ದು ಆಮೇಲೆ ಆಗುವುದೇ ಇಲ್ಲ, ಇದು ನನ್ನ ಅನುಭವ.

ಎಲ್ಲರಿಗೂ: ದೀಕ್ಷಾ ಎಂಬ ಸರ್ಕಾರಿ ಜಾಲತಾಣ 2017ರಿಂದ ಇದೆ. ಅದರಲ್ಲಿ ನಿಷ್ಠಾ ಎಂಬ ಹೆಸರಿನ ಶಿಕ್ಷಕರ ತರಬೇತಿಗಳು ಬರುತ್ತವೆ. ಎಫ್‌ಎಲ್‌ಎನ್ ಸರಣಿಯಲ್ಲಿ 12 ಕೋರ್ಸುಗಳಿವೆ. ಎಫ್‌ಎಲ್‌ಎನ್ ಅಂದರೆ ಬುನಾದಿ ಅಕ್ಷರ ಜ್ಞಾನ ಮತ್ತು ಸಂಖ್ಯಾ ಜ್ಞಾನ, ಮಗು ಅರ್ಥಮಾಡಿಕೊಂಡು ಓದುವುದು, ಲೆಕ್ಕದ ಮೊದಲ ಹೆಜ್ಜೆ ಇಡುವುದು. ಇವು ವರ್ಷವಿಡೀ ತೆರೆದಿರುವುದಿಲ್ಲ, ಬ್ಯಾಚ್ ಪ್ರಕಾರ ನಡೆಯುತ್ತವೆ. ಇಲ್ಲಿ ಜನ ಎಡವುವುದು ಮೂರು ಕಡೆ:

– ಲಾಗಿನ್ ಮಾಡುವಾಗ ಹೆಸರನ್ನು ಅಂಕಪಟ್ಟಿಯಲ್ಲಿ ಇರುವ ಹಾಗೆ ಕೊಡದೆ "ಸುಮಾ ಅಕ್ಕ" ಎಂದೋ, ಗಂಡನ ಹೆಸರು ಸೇರಿಸಿಯೋ ಕೊಡುತ್ತಾರೆ. ಪ್ರಮಾಣಪತ್ರದಲ್ಲಿ ಅದೇ ಬರುತ್ತದೆ. ಆಮೇಲೆ ತಿದ್ದಿಸಲು ಒದ್ದಾಟ.
– ಕೊನೆಯ ಪರೀಕ್ಷೆಯಲ್ಲಿ ಶೇ 70 ಅಂಕ ಬರದಿದ್ದರೆ ಕೋರ್ಸ್ ಮುಗಿಸಿದ್ದರೂ ಪ್ರಮಾಣಪತ್ರ ಇಲ್ಲ. ವಿಡಿಯೊ ಓಡಲು ಬಿಟ್ಟು ಒಗ್ಗರಣೆ ಹಾಕುತ್ತಾ ಕೂತರೆ ಆಗುವುದು ಇದೇ.
– ಉತ್ತರಗಳ ಪಿಡಿಎಫ್ ಗ್ರೂಪಿನಲ್ಲಿ ಬರುತ್ತದೆ, ಅದನ್ನು ನೋಡಿ ಒತ್ತುತ್ತಾರೆ. ಹಾಗೆ ತೆಗೆದ ಹನ್ನೆರಡು ಕಾಗದಕ್ಕಿಂತ ಒಂದು ಕೋರ್ಸನ್ನು ಕೂತು ನೋಡಿದ್ದು ಮೇಲು.

ಇನ್ನು ಪುಸ್ತಕಗಳ ವಿಷಯ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಬೇಕಾದಷ್ಟಿವೆ, ಎಲ್ಲ ಉಚಿತ. ಓದಬಹುದು, ಇಳಿಸಿಕೊಳ್ಳಬಹುದು, ಪ್ರಿಂಟ್ ಹಾಕಿಸಬಹುದು. ಮಟ್ಟ ಒಂದು ಎಂದಿರುವುದನ್ನು ಆರಿಸಿ, ಪುಟಕ್ಕೆ ಒಂದೆರಡು ಸಾಲು ಮಾತ್ರ ಇರುತ್ತದೆ. ಸಣ್ಣ ಫೋನಿನಲ್ಲಿ 20 ಮಕ್ಕಳಿಗೆ ತೋರಿಸಬೇಡಿ. ಹಿಂದಿನವರಿಗೆ ಕಾಣುವುದಿಲ್ಲ, ಗಲಾಟೆ ಶುರುವಾಗುತ್ತದೆ. ಐದೈದು ಮಕ್ಕಳ ಗುಂಪು ಮಾಡಿ, ಉಳಿದವರು ಸಹಾಯಕಿಯ ಜೊತೆ ಆಡಲಿ.

ಹಂತ 5: ದುಡ್ಡು ಕಟ್ಟುವ ಕೋರ್ಸ್

ಈಗ ಕೋರ್ಸಿನ ಮಾತಿಗೆ ಬರೋಣ. ಮುಖ್ಯವಾಗಿ ಕಿವಿಗೆ ಬೀಳುವುದು ನಾಲ್ಕು ಹೆಸರು.

ಡಿಪಿಎಸ್‌ಇ: ಶಾಲಾಪೂರ್ವ ಶಿಕ್ಷಣದ ಡಿಪ್ಲೊಮಾ, 2 ವರ್ಷ, ಪಿಯುಸಿಯಲ್ಲಿ ಶೇ 50 ಅಂಕ ಬೇಕು, ಮೀಸಲಾತಿ ಇರುವವರಿಗೆ ಸಡಿಲಿಕೆ ಇದೆ. ಇದು ಎನ್‌ಸಿಟಿಇ, ಅಂದರೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ ನಿಯಮದಲ್ಲಿ ಇರುವ ಕೋರ್ಸು. ಕಾಲೇಜಿಗೆ ಹೋಗಿಯೇ ಓದಬೇಕು. ಇನ್ನೂ ಕೆಲಸಕ್ಕೆ ಸೇರದ, ವಯಸ್ಸು ಇರುವವರಿಗೆ ಇದೇ ಗಟ್ಟಿ ದಾರಿ ಎಂಬುದು ನನ್ನ ಅಭಿಪ್ರಾಯ.

ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ನಡೆಸುವ ಡಿಇಸಿಇ: ಆರಂಭಿಕ ಬಾಲ್ಯದ ಆರೈಕೆ ಮತ್ತು ಶಿಕ್ಷಣದ ಡಿಪ್ಲೊಮಾ. ಪಿಯುಸಿ ಆಗಿದ್ದರೆ ಸಾಕು, ಕನಿಷ್ಠ 1 ವರ್ಷ, ದೂರಶಿಕ್ಷಣ. 32 ಕ್ರೆಡಿಟ್, ಮೂರು ಓದುವ ಪತ್ರಿಕೆ, ಒಂದು ಪ್ರಾಜೆಕ್ಟ್. ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈನಲ್ಲಿ ಪ್ರವೇಶ. ಕೆಲಸ ಬಿಡದೆ ಓದಬೇಕು ಎನ್ನುವವರಿಗೆ ಸರಿ. ಪ್ರಾಜೆಕ್ಟಿಗೆ ನಿಮ್ಮ ಹಂತ 2ರ ನೋಟ್‌ಬುಕ್ಕೇ ಅರ್ಧ ಕೆಲಸ ಮಾಡಿಕೊಡುತ್ತದೆ. ಎಚ್ಚರಿಕೆ ಏನೆಂದರೆ, ಪಾಠದ ಪುಸ್ತಕ ಯಾವ ಭಾಷೆಯಲ್ಲಿ ಬರುತ್ತದೆ, ಪರೀಕ್ಷೆ ಯಾವ ಭಾಷೆಯಲ್ಲಿ ಬರೆಯಬೇಕು ಎಂದು ಶುಲ್ಕ ಕಟ್ಟುವ ಮುಂಚೆ ಅಧ್ಯಯನ ಕೇಂದ್ರದಲ್ಲಿ ಕೇಳಿ. ಇಂಗ್ಲಿಷ್ ಪುಸ್ತಕದ ಕಟ್ಟು ನೋಡಿ ಮೊದಲ ತಿಂಗಳೇ ಬಿಟ್ಟವರು ಇದ್ದಾರೆ.

ಎನ್‌ಟಿಟಿ: ನರ್ಸರಿ ಟೀಚರ್ ಟ್ರೇನಿಂಗ್. ಇಲ್ಲಿ ಜಾಸ್ತಿ ಹುಷಾರಾಗಿರಿ. ಈ ಹೆಸರಿನಲ್ಲಿ ಬಸ್‌ಸ್ಟ್ಯಾಂಡ್ ಹಿಂದಿನ ಎರಡು ಕೋಣೆಯ ಸಂಸ್ಥೆಯೂ ಕೋರ್ಸ್ ನಡೆಸುತ್ತದೆ, 15 ದಿನದ ಆನ್‌ಲೈನ್ ಕೋರ್ಸೂ ಇದೆ. "ಸರ್ಕಾರಿ ಮಾನ್ಯತೆ" ಎಂದು ಬೋರ್ಡ್ ಹಾಕಿರುತ್ತಾರೆ. ಬಗೆದು ನೋಡಿದರೆ ಅದು ಟ್ರಸ್ಟಿನ ನೋಂದಣಿ, ಇಲ್ಲವೇ ಸಣ್ಣ ಉದ್ದಿಮೆಯ ನೋಂದಣಿ, ಇಲ್ಲವೇ ಐಎಸ್‌ಒ ನಂಬರು. ಇವು ಯಾವುವೂ ಕೋರ್ಸಿನ ಮಾನ್ಯತೆ ಅಲ್ಲ. ನಾನೂ ಒಮ್ಮೆ ಹೀಗೆ ದುಡ್ಡು ಕಟ್ಟಿ, ಚಿನ್ನದ ಬಣ್ಣದ ಅಂಚಿನ ಒಂದು ಪ್ರಮಾಣಪತ್ರ ತಂದು, ಸಂದರ್ಶನದಲ್ಲಿ "ಇದು ನಡೆಯಲ್ಲಮ್ಮ" ಅನ್ನಿಸಿಕೊಂಡು ಬಂದವಳು. ಚೆನ್ನಾಗಿ ಕಲಿಸುವ ಎನ್‌ಟಿಟಿ ಸಂಸ್ಥೆಗಳೂ ಇವೆ, ಖಾಸಗಿ ಶಾಲೆಯವರು ಅವನ್ನು ಒಪ್ಪುತ್ತಾರೆ. ಸರ್ಕಾರಿ ಹುದ್ದೆಗೆ ನಡೆಯುತ್ತದೆ ಎಂದುಕೊಂಡು ಮಾತ್ರ ಸೇರಬೇಡಿ.

ಮಾಂಟೆಸ್ಸರಿ: ಮರಿಯಾ ಮಾಂಟೆಸ್ಸರಿ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ತರಬೇತಿ ಶುರು ಮಾಡಿದರು. ಯುದ್ಧದ ಕಾಲದಲ್ಲಿ ಕೊಡೈಕನಾಲಿನಲ್ಲೂ ಇದ್ದರು. ಈಗ ಆಕೆಯ ಹೆಸರನ್ನು ಯಾರು ಬೇಕಾದರೂ ಬೋರ್ಡಿಗೆ ಹಾಕಿಕೊಳ್ಳಬಹುದು. ಆಕೆಯೇ 1929ರಲ್ಲಿ ಕಟ್ಟಿದ ಎಎಂಐ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಡಿಪ್ಲೊಮಾ ಬೇರೆ, ಬೆಂಗಳೂರಿನ ಇಂಡಿಯನ್ ಮಾಂಟೆಸ್ಸರಿ ಸೆಂಟರಿನದು ಬೇರೆ, ವಾರಾಂತ್ಯದ ಆನ್‌ಲೈನ್ ಕೋರ್ಸ್ ಬೇರೆ. ಮಾಂಟೆಸ್ಸರಿ ಎಂದರೆ ಸಾಮಗ್ರಿ ಮುಟ್ಟಿ ಕಲಿಯುವ ವಿದ್ಯೆ. ಒಂದೂ ಸಾಮಗ್ರಿ ಕೈಗೆ ಸಿಗದೆ ಬರೀ ಪರದೆಯ ಮೇಲೆ ಕಲಿಸುವ ಕೋರ್ಸ್ ಎಷ್ಟು ಅಗ್ಗವಾದರೂ ದುಬಾರಿಯೇ.

ಯಾವುದೇ ಆಗಲಿ, ದುಡ್ಡು ಕೊಡುವ ಮುಂಚೆ ಕೇಳಬೇಕಾದ್ದು:

1. ಮಾನ್ಯತೆ ಯಾರದ್ದು, ಆದೇಶದ ಪ್ರತಿ ತೋರಿಸಿ. ಎನ್‌ಸಿಟಿಇ ಎಂದರೆ ಅದರ ಜಾಲತಾಣದ ಪಟ್ಟಿಯಲ್ಲಿ ನೀವೇ ನೋಡಿ. ಮಾನ್ಯತೆ ಕೊಡುವುದು ಕೋರ್ಸ್ ಪ್ರಕಾರ. ಆ ಸಂಸ್ಥೆಯ ಬಿಎಡ್‌ಗೆ ಇದ್ದರೆ ನರ್ಸರಿ ಕೋರ್ಸಿಗೂ ಇದೆ ಎಂದು ಅರ್ಥವಲ್ಲ.
2. ಮಕ್ಕಳ ಜೊತೆ ಅಭ್ಯಾಸ ಎಷ್ಟು ದಿನ, ಯಾವ ಶಾಲೆಯಲ್ಲಿ? ಒಂದೂ ದಿನ ಇಲ್ಲ ಎಂದರೆ ಅಲ್ಲಿಗೇ ನಮಸ್ಕಾರ ಹೇಳಿ ಬನ್ನಿ.
3. ಒಟ್ಟು ಖರ್ಚೆಷ್ಟು? ಪ್ರವೇಶ ಶುಲ್ಕ ಕಡಿಮೆ ಹೇಳಿ, ಪರೀಕ್ಷಾ ಶುಲ್ಕ, ಸಾಮಗ್ರಿ, ಸಮವಸ್ತ್ರ, ಘಟಿಕೋತ್ಸವದ ಗೌನಿನ ಬಾಡಿಗೆ ಎಂದು ಎಳೆಯುತ್ತಾ ಹೋಗುತ್ತಾರೆ. ಬರಹದಲ್ಲಿ ತೆಗೆದುಕೊಳ್ಳಿ.
4. ಕಳೆದ ವರ್ಷ ಮುಗಿಸಿದ ಇಬ್ಬರ ಜೊತೆ ಮಾತಾಡಿಸಿ ಎನ್ನಿ. ಅವರು ಕೊಡುವ ನಂಬರಿನ ಜೊತೆ, ನೀವೇ ಒಬ್ಬರನ್ನು ಹುಡುಕಿ ಮಾತಾಡಿ.
5. ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತಾರಾ? ಪರಿಶೀಲನೆಗೆ ತೋರಿಸಿ, ವಾಪಸ್ ತನ್ನಿ. "ಕೋರ್ಸ್ ಮುಗಿಯೋವರೆಗೂ ನಮ್ಮತ್ರ ಇರ್ಲಿ" ಎಂದರೆ ಬೇಡ.

ಮೂರು ವರ್ಷದ ಮಕ್ಕಳಿಗೆ ಪಾಠ ಮಾಡಲು ಡಿಇಎಲ್‌ಇಡಿ (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಅಥವಾ ಬಿಎಡ್ ಮಾಡಲೇ ಎಂದು ಕೆಲವರು ಕೇಳುತ್ತಾರೆ. ಅವು ದೊಡ್ಡ ತರಗತಿಗಳಿಗೆ ಮಾಡಿದ ಕೋರ್ಸುಗಳು. ಮುಂದೆ ಪ್ರಾಥಮಿಕ ಶಾಲೆಗೆ ಹೋಗುವ ಆಸೆ ಇದ್ದರೆ ಡಿಇಎಲ್‌ಇಡಿ, ಅದಕ್ಕೂ ದೊಡ್ಡ ತರಗತಿಗಳಿಗಾದರೆ ಬಿಎಡ್ ಮಾಡಿ.

ಹಂತ 6: ಒಬ್ಬರೇ ಕಲಿಯಬೇಡಿ

ತಿಂಗಳ ವೃತ್ತ ಸಭೆ ಇದೆಯಲ್ಲ, ಮೇಲ್ವಿಚಾರಕಿ ಕರೆಯುವುದು. ಅದರಲ್ಲಿ ಹೆಚ್ಚು ಹೊತ್ತು ವರದಿ, ಫಾರಂ, ಬಾಕಿ ಎಂಟ್ರಿಗಳಿಗೇ ಹೋಗುತ್ತದೆ. ಮೇಡಂ ಹತ್ತಿರ 15 ನಿಮಿಷ ಕೇಳಿಕೊಳ್ಳಿ. ಆ 15 ನಿಮಿಷದಲ್ಲಿ ಒಬ್ಬರು ಮಾತ್ರ, ತಮ್ಮ ಕೇಂದ್ರದಲ್ಲಿ ಮಾಡಿ ನೋಡಿದ ಒಂದು ವಿಷಯ ಹೇಳಬೇಕು. ಸರಿಹೋಗದ್ದನ್ನೂ ಹೇಳಬಹುದು. ನಿಜ ಹೇಳಬೇಕೆಂದರೆ ಅದೇ ಜಾಸ್ತಿ ಉಪಯೋಗ. "ಗುರುವಾರದ ಕತೆ ಆಟದಲ್ಲಿ ಎಲ್ಲರೂ ಆನೆ ಆಗ್ಬೇಕು ಅಂತ ಜಗಳ ಆಯ್ತು" ಎಂದರೆ ಸಭೆಯಲ್ಲಿ ನಾಲ್ಕು ಜನ ನಾಲ್ಕು ಉಪಾಯ ಕೊಡುತ್ತಾರೆ.

ಇನ್ನು ಸಹಾಯಕಿ. ತರಬೇತಿಗೆ ಹೋಗುವವರು ನೀವು, ಆದರೆ ಮಕ್ಕಳನ್ನು ಕೈ ತೊಳೆಸುವ, ಉಣಿಸುವ, ಮಲಗಿಸುವ ಹೊತ್ತಿನಲ್ಲಿ ಜೊತೆಗಿರುವವರು ಅವರು. ಅನ್ನ ಬಡಿಸುವಾಗ "ಇನ್ನೊಂದ್ ತುತ್ತು ಬೇಕಾ, ಎರಡು ಬೇಕಾ?" ಎನ್ನುವುದೂ ಲೆಕ್ಕದ ಪಾಠವೇ. ನೀವು ಕಲಿತದ್ದನ್ನು ಆ ವಾರವೇ ಅವರಿಗೆ ತೋರಿಸಿ. ಖಾಸಗಿ ನರ್ಸರಿಯ ಆಯಾ ಅವರಿಗೂ ಇದೇ ಮಾತು.

ವರ್ಷಕ್ಕೊಮ್ಮೆ ನಿಮ್ಮ ಊರಿನ ಸರ್ಕಾರಿ ಶಾಲೆಯ ನಲಿ-ಕಲಿ ತರಗತಿಯಲ್ಲಿ ಅರ್ಧ ದಿನ ಕೂತು ಬನ್ನಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು, 1ರಿಂದ 3ನೇ ತರಗತಿ ಮಕ್ಕಳು ಒಟ್ಟಿಗೆ, ತಮ್ಮ ತಮ್ಮ ಮೆಟ್ಟಿಲಲ್ಲಿ ಕಲಿಯುತ್ತಾರೆ. ನಿಮ್ಮ ಮಕ್ಕಳು ಮುಂದೆ ಹೋಗುವುದು ಅಲ್ಲಿಗೇ. ಅಲ್ಲಿನ ಟೀಚರ್‌ಗೆ ಒಂದೇ ಪ್ರಶ್ನೆ ಕೇಳಿ: "ನಮ್ಮಲ್ಲಿಂದ ಬಂದ ಮಕ್ಕಳಿಗೆ ಮೊದಲ ತಿಂಗಳು ಏನು ಕಷ್ಟ ಆಗುತ್ತೆ?" ಅಕ್ಷರ ಬರಲ್ಲ ಎಂಬ ಉತ್ತರಕ್ಕಿಂತ "ಬಚ್ಚಲಿಗೆ ಹೋಗ್ಬೇಕು ಅಂತ ಬಾಯ್ಬಿಟ್ಟು ಹೇಳಲ್ಲ" ಎಂಬ ಉತ್ತರವೇ ಬರಬಹುದು. ಮುಂದಿನ ಎರಡು ತಿಂಗಳ ವಿಷಯ ಸಿಕ್ಕಿತಲ್ಲ.

ಹಂತ 7: ಒಂದು ಫೈಲ್ ಮಾಡಿಡಿ

ಒಂದೇ ಫೈಲ್, ಮೂರು ಭಾಗ. ಮೊದಲ ಭಾಗದಲ್ಲಿ ಪ್ರಮಾಣಪತ್ರಗಳು, ತರಬೇತಿಯ ಹಾಜರಾತಿ ಪತ್ರ, ನೇಮಕಾತಿ ಆದೇಶದ ಪ್ರತಿ. ಎರಡನೆಯದರಲ್ಲಿ ಎರಡು ತಿಂಗಳಿಗೊಂದು ಹಾಳೆ: ಏನು ಸಮಸ್ಯೆ ಇತ್ತು, ಏನು ಮಾಡಿದೆ, ಏನಾಯಿತು. ಅರ್ಧ ಪುಟ ಸಾಕು. ಮೂರನೆಯದರಲ್ಲಿ ಮಕ್ಕಳ ಕೆಲಸದ ಮಾದರಿ, ಹೆಸರು ಮರೆಮಾಡಿ. ಜೂನ್‌ನಲ್ಲಿ ಗೀಚಿದ್ದು, ಡಿಸೆಂಬರಿನಲ್ಲಿ ಬರೆದದ್ದು, ಅಕ್ಕಪಕ್ಕ.

ಯಾಕೆ ಇದೆಲ್ಲ? ಖಾಸಗಿಯವರಿಗೆ ಸಂಬಳ ಕೇಳುವಾಗ, ಬೇರೆ ಶಾಲೆಯ ಸಂದರ್ಶನಕ್ಕೆ ಹೋಗುವಾಗ ಈ ಎರಡನೇ ಭಾಗವೇ ಮಾತಾಡುತ್ತದೆ. ಅಂಗನವಾಡಿಯವರಿಗೆ ಬಡ್ತಿಯ ದಾರಿ ಇದೆ. ಕೇಂದ್ರದ 2022ರ ಮಾರ್ಗಸೂಚಿಯ ಪ್ರಕಾರ ಮೇಲ್ವಿಚಾರಕಿ ಹುದ್ದೆಗಳಲ್ಲಿ ಶೇ 50ರಷ್ಟನ್ನು 5 ವರ್ಷ ಅನುಭವ ಇರುವ ಕಾರ್ಯಕರ್ತೆಯರಿಂದ, ಕಾರ್ಯಕರ್ತೆ ಹುದ್ದೆಗಳಲ್ಲಿ ಶೇ 50ರಷ್ಟನ್ನು 5 ವರ್ಷ ಅನುಭವ ಇರುವ ಸಹಾಯಕಿಯರಿಂದ ತುಂಬಬೇಕು, ಉಳಿದ ಅರ್ಹತೆ ಇದ್ದರೆ. ಆ ಉಳಿದ ಅರ್ಹತೆ ಏನು ಎಂದು ರಾಜ್ಯದ ನಿಯಮದಲ್ಲಿ ನೋಡಿ, ವಿದ್ಯಾರ್ಹತೆ ಕಡಿಮೆ ಬೀಳುತ್ತಿದ್ದರೆ ದೂರಶಿಕ್ಷಣದಲ್ಲಿ ಈಗಲೇ ಓದು ಶುರು ಮಾಡಿ. ಹುದ್ದೆಯ ಪ್ರಕಟಣೆ ಬಂದ ಮೇಲೆ ಶುರು ಮಾಡಿದರೆ ತಡವಾಗುತ್ತದೆ.

ಎಲ್ಲ ಕಾಗದದ ಫೋಟೊ ತೆಗೆದು ನಿಮ್ಮದೇ ಇಮೇಲಿಗೆ ಕಳಿಸಿಡಿ. ಕೇಂದ್ರದ ಬೀರುವಿನಲ್ಲಿ ಮೂಲ ಪ್ರತಿ ಇಡಬೇಡಿ, ಮಳೆಗಾಲದಲ್ಲಿ ಸೋರುತ್ತದೆ, ಗೆದ್ದಲು ಹತ್ತುತ್ತದೆ.

ನಡುವೆ ಎರಡು ತಿಂಗಳು ಏನೂ ಮಾಡಲಾಗದೆ ಹೋಗಬಹುದು. ಚುನಾವಣೆ ಕೆಲಸ ಬರುತ್ತದೆ, ಮನೆಯಲ್ಲಿ ಮದುವೆ ಬರುತ್ತದೆ, ಮುಷ್ಕರ ಬರುತ್ತದೆ. ಆಗ ಬಿಟ್ಟದ್ದನ್ನೆಲ್ಲ ತುಂಬಿಸಲು ಹೋಗಬೇಡಿ. ನೋಟ್‌ಬುಕ್ಕಿನಲ್ಲಿ ಆ ದಿನದ ತಾರೀಕು ಹಾಕಿ, ಇಬ್ಬರು ಮಕ್ಕಳ ಹೆಸರು ಬರೆದು, ಹಂತ 2ರಿಂದ ಮತ್ತೆ ನೋಡಲು ಕೂರಿ.